ಊರಿಗೊಂದು ಕಲಾವಿದರ ಸಂಘ: ಕಟ್ಟುವ ಬಗೆ, ನಡೆಸುವ ಬಗೆ

"ಮಾಸ್ತರೇ, ನಮ್ಮೂರಲ್ಲೂ ಚಿತ್ರ ಬಿಡಿಸೋರು ಹತ್ತಾರು ಜನ ಇದ್ದೀವಿ. ಒಂದು ಸಂಘ ಅಂತ ಮಾಡ್ಬೇಕು. ಎಲ್ಲಿಂದ ಶುರು ಮಾಡೋದು?"

ವರ್ಷಕ್ಕೆ ಎರಡು ಮೂರು ಸಲವಾದರೂ ಇಂಥ ಫೋನು ಬರುತ್ತದೆ. ಸಾಗರದ ಕಡೆಯ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವನು ನಾನು. ಕೆಲಸದಲ್ಲಿದ್ದಾಗಲೇ ಗೆಳೆಯರ ಜೊತೆ ಸೇರಿ ಒಂದು ಸಣ್ಣ ಸಂಘ ಕಟ್ಟಿದೆ, ಅದರ ಕಾರ್ಯದರ್ಶಿಯಾಗಿ ಬಹಳ ವರ್ಷ ಓಡಾಡಿದೆ. ಫೋನಿನಲ್ಲಿ ಅರ್ಧ ಗಂಟೆ ಹೇಳಿದರೂ ಮುಗಿಯುವ ಮಾತಲ್ಲ ಇದು. ಅದಕ್ಕೇ ಕ್ರಮವಾಗಿ ಬರೆಯುತ್ತಿದ್ದೇನೆ.

ಸಣ್ಣ ಊರು ಅಂತ ಹಿಂಜರಿಯಬೇಡಿ. ನಮ್ಮ ತಾಲ್ಲೂಕಿನದೇ ಹೆಗ್ಗೋಡಿನಲ್ಲಿ, ಅಡಿಕೆ ತೋಟಗಳ ನಡುವೆ, ಕೆ.ವಿ. ಸುಬ್ಬಣ್ಣ ಮತ್ತು ಊರಿನ ಗೆಳೆಯರು 1949ರಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಕಟ್ಟಿದರು. ಅದೇ ಇವತ್ತಿನ ನೀನಾಸಮ್. ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ, ಊರೂರಿಗೆ ನಾಟಕ ಒಯ್ಯುವ ತಿರುಗಾಟ ಹೊರಟದ್ದು 1985ರಲ್ಲಿ. ಸಂಘ ಹುಟ್ಟಿ ಮೂವತ್ತು ವರ್ಷ ಕಳೆದ ಮೇಲೆ ಶಾಲೆ ಬಂತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಚಿತ್ರಕಲಾ ಶಾಲೆ ತೆರೆದಾಗಲೂ ಹಿಂದೆ ದೊಡ್ಡ ನಿಧಿಯೇನೂ ಇರಲಿಲ್ಲ. ಮೊದಲ ವರ್ಷವೇ ಕಲಾಭವನ ಕಟ್ಟುವ ಮಾತು ಬೇಡ. ಮೊದಲ ವರ್ಷಕ್ಕೆ ಬೇಕಾದದ್ದು ಒಂದು ಜಗುಲಿ, ಒಂದು ಚಾಪೆ, ತಪ್ಪದೆ ಬರುವ ಏಳು ಜನ.

ಮೊದಲು ಎಣಿಕೆ

ಊರಿನಲ್ಲಿ ಯಾರು ಯಾರು ಚಿತ್ರ ಮಾಡುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಡಿಪ್ಲೊಮಾ ಮಾಡಿದವರು, ಡ್ರಾಯಿಂಗ್ ಟೀಚರುಗಳು, ಮೈಸೂರಿನ ಕಲಾ ಕಾಲೇಜು ಕಾವಾದಲ್ಲೋ ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲೋ ಓದಿ ಬಂದ ಹುಡುಗರು ತಾವಾಗಿಯೇ ನೆನಪಿಗೆ ಬರುತ್ತಾರೆ. ಪಟ್ಟಿ ಅಲ್ಲಿಗೇ ನಿಂತರೆ ಸಂಘ ಹತ್ತು ಜನರ ಕೂಟವಾಗಿಯೇ ಉಳಿಯುತ್ತದೆ. ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದವರು, ಗಣಪತಿ ಮಾಡುವವರು, ಮದುವೆಗೆ ಬೆಂಡಿನ ಬಾಸಿಂಗ ಮಾಡುವ ಗುಡಿಗಾರರು, ಯಕ್ಷಗಾನದ ಮುಖವರ್ಣಿಕೆ ಮಾಡುವವರು, ಮದುವೆಯ ಹಸೆಗೋಡೆಗೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರು, ಮನೆಯಲ್ಲಿ ಕೂತು ಬಟ್ಟೆಯ ಮೇಲೆ ಬಣ್ಣ ಹಾಕುವ ಗೃಹಿಣಿಯರು, ಇವರೆಲ್ಲ ಆ ಪಟ್ಟಿಯಲ್ಲಿ ಇರಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಪೇಟೆಯಲ್ಲಿ ಒಬ್ಬರು ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತು, ಮನೆಗಳಿಗೆ ಪೇಂಟ್ ಹೊಡೆಯಲು ಹೋಗತೊಡಗಿದರು. ಸಭೆಗೆ ಕರೆದರೆ, "ನಾನೆಂಥ ಕಲಾವಿದ ಮಾಸ್ತರೇ, ಅಂಗಡಿ ಹೆಸರು ಬರೆಯೋನು" ಅಂತ ಬಾಗಿಲಲ್ಲೇ ನಿಂತರು. ಸಂಘಕ್ಕೆ ಒಂದು ಬೋರ್ಡು ಬರೆದುಕೊಡಿ ಅಂತ ಕೇಳಿಕೊಂಡೆವು. ಸೀಮೆಸುಣ್ಣದಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆದರು, ಅಷ್ಟೇ. ಅಳತೆಪಟ್ಟಿ ಮುಟ್ಟಲಿಲ್ಲ. ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟುಕೊಂಡು 'ಕ' ಅಕ್ಷರದ ತಲೆಕಟ್ಟನ್ನು ಒಂದೇ ಎಳೆತಕ್ಕೆ ಎಳೆದರು. ಕುಂಚ ಎತ್ತುವ ಕಡೆ ತುಸು ತಿರುಗಿಸಿ ಬಿಟ್ಟರು, ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಂತಿತು. ಡಿಪ್ಲೊಮಾ ಮಾಡಿದ ನಾವು ಆರು ಜನ ಸುಮ್ಮನೆ ನೋಡುತ್ತ ನಿಂತೆವು. ಆಮೇಲೆ ನಮ್ಮ ಎಲ್ಲ ಗೋಡೆಚಿತ್ರಗಳಿಗೂ ಅವರೇ ಮುಂದಾಳು.

ಆರು ತಿಂಗಳು ಬರೀ ಬಿಡಿಸಿ

ನೋಂದಣಿ, ಪದಾಧಿಕಾರಿಗಳು, ಲೆಟರ್‌ಹೆಡ್ಡು, ಉದ್ಘಾಟನೆ, ಇವನ್ನು ಮೊದಲು ಮಾಡಿದ ಎಷ್ಟೋ ಸಂಘಗಳು ಉದ್ಘಾಟನೆಯ ಫೋಟೋದಲ್ಲಷ್ಟೇ ಉಳಿದದ್ದನ್ನು ನೋಡಿದ್ದೇನೆ. ನನ್ನ ಸಲಹೆ ಹೀಗೆ: ತಿಂಗಳಿಗೆ ಒಂದು ಭಾನುವಾರ ಗೊತ್ತು ಮಾಡಿಕೊಳ್ಳಿ, ಎರಡನೆಯದೋ ಕೊನೆಯದೋ, ಯಾವುದಾದರೂ ಸರಿ, ಆದರೆ ಬದಲಾಯಿಸಬೇಡಿ. ಬೆಳಿಗ್ಗೆ ಏಳಕ್ಕೆ ಸೇರಿ, ಹತ್ತೂವರೆಯವರೆಗೆ ಒಟ್ಟಿಗೆ ಕೂತು ಬಿಡಿಸಿ. ಭಾಷಣ ಬೇಡ, ಹಾರ ಬೇಡ.

ನಾವು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಅಂಗಳದಿಂದ ಶುರು ಮಾಡಿದೆವು. ಆಮೇಲೆ ಕೆಳದಿ, ಸಂತೆಮಾಳ, ಬಸ್ ನಿಲ್ದಾಣ, ಅಡಿಕೆ ಸುಲಿಯುವ ಚಪ್ಪರ. ಸ್ಥಳಚಿತ್ರಕ್ಕೆ ಬೇಕಾದದ್ದು ಒಂದು ರಟ್ಟು, ನಾಲ್ಕು ಕ್ಲಿಪ್ಪು, ಡ್ರಾಯಿಂಗ್ ಶೀಟು, ನೀರಿನ ಬಾಟಲಿ, ಕೂರಲು ಮಣೆ. ದೇವಸ್ಥಾನ ಪುರಾತತ್ತ್ವ ಇಲಾಖೆಯ ಸುಪರ್ದಿನಲ್ಲಿದ್ದರೆ ಅಲ್ಲಿರುವ ಕಾವಲುಗಾರರಿಗೆ ಮೊದಲೇ ಹೇಳಿ, ಬಣ್ಣದ ನೀರನ್ನು ಕಲ್ಲಿನ ಮೇಲೆ ಚೆಲ್ಲದೆ ಡಬ್ಬಿಯಲ್ಲೇ ವಾಪಸ್ ತನ್ನಿ. ಮಳೆಗಾಲದ ಮೂರು ನಾಲ್ಕು ತಿಂಗಳು ಹೊರಗೆ ಕೂರುವಂತಿಲ್ಲ. ಆಗ ಯಾರದಾದರೂ ಮನೆಯ ಜಗುಲಿಯಲ್ಲಿ ಒಬ್ಬರನ್ನು ಕೂರಿಸಿಕೊಂಡು ಭಾವಚಿತ್ರ ಬಿಡಿಸಿ. ಊರಿನ ಹಿರಿಯರು ಎರಡು ಗಂಟೆ ಅಲುಗದೆ ಕೂತುಕೊಡುತ್ತಾರೆ. ಎಲೆ ಅಡಿಕೆ ತಟ್ಟೆಯೊಂದು ಪಕ್ಕದಲ್ಲಿರಲಿ.

ಕೊನೆಯ ಅರ್ಧ ಗಂಟೆ ಎಲ್ಲರ ಚಿತ್ರಗಳನ್ನೂ ಸಾಲಾಗಿ ನೆಲದ ಮೇಲಿಟ್ಟು ಮಾತಾಡಿ. ಇಲ್ಲೇ ಸಂಘ ಗಟ್ಟಿಯಾಗುವುದು, ಇಲ್ಲೇ ಒಡೆಯುವುದು. ನಾವು ಇಟ್ಟುಕೊಂಡ ಕ್ರಮ ಒಂದೇ: ಬಿಡಿಸಿದವರು ಮೊದಲು, ತಮಗೆ ಎಲ್ಲಿ ತೊಡಕಾಯಿತು ಅಂತ ಹೇಳುತ್ತಾರೆ, ಉಳಿದವರು ಆ ತೊಡಕಿನ ಬಗ್ಗೆ ಮಾತ್ರ ಮಾತಾಡುತ್ತಾರೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅನ್ನುವ ತೀರ್ಪನ್ನು ಯಾರೂ ಕೊಡುವುದಿಲ್ಲ.

ಆರು ತಿಂಗಳಾದ ಮೇಲೆ ಹಾಜರಿ ನೋಡಿ. ನಾಲ್ಕು ಸಲಕ್ಕಿಂತ ಹೆಚ್ಚು ಬಂದವರೇ ನಿಮ್ಮ ಸಂಘ.

ಬೈಲಾ ಮತ್ತು ನೋಂದಣಿ

ಕರ್ನಾಟಕದಲ್ಲಿ ಇಂಥ ಸಂಘಗಳನ್ನು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಕೆಳಗೆ ನೋಂದಾಯಿಸುತ್ತಾರೆ. ಕನಿಷ್ಠ ಏಳು ಜನ ಬೇಕು. ಲಲಿತಕಲೆಯ ಪ್ರೋತ್ಸಾಹ ಆ ಕಾಯಿದೆ ಒಪ್ಪುವ ಉದ್ದೇಶಗಳಲ್ಲೇ ಇದೆ. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗಳ ಕಚೇರಿ ಸಹಕಾರ ಇಲಾಖೆಯಲ್ಲಿರುತ್ತದೆ. ಅರ್ಜಿ, ಸಂಘದ ಉದ್ದೇಶ ಹೇಳುವ ಜ್ಞಾಪನಾಪತ್ರ, ಬೈಲಾ ಅಂದರೆ ಸಂಘದ ನಿಯಮಾವಳಿ, ಸದಸ್ಯರ ಗುರುತಿನ ದಾಖಲೆಗಳು, ಕಚೇರಿಗೆ ಜಾಗ ಕೊಟ್ಟವರ ಒಪ್ಪಿಗೆ ಪತ್ರ, ಇಷ್ಟನ್ನು ಸಿದ್ಧ ಮಾಡಿಕೊಳ್ಳಿ. ಮೊದಲು ಮೂರು ನಾಲ್ಕು ಹೆಸರು ಯೋಚಿಸಿಡಿ, ನೀವು ಬಯಸಿದ ಹೆಸರಿನಲ್ಲಿ ಇನ್ನೊಂದು ಸಂಘ ಆಗಲೇ ಇರಬಹುದು.

ಬೈಲಾವನ್ನು ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನಮೂನೆಯಿಂದ ಹಾಗೇ ನಕಲು ಮಾಡಬೇಡಿ. ಯುವಕ ಸಂಘಕ್ಕೋ ಕ್ರೀಡಾ ಸಂಘಕ್ಕೋ ಬರೆದದ್ದು ಚಿತ್ರಕಾರರಿಗೆ ಹೊಂದುವುದಿಲ್ಲ. ಒಂದು ಸಂಜೆ ಎಲ್ಲರೂ ಕೂತು ಕೆಲವು ಸಂಗತಿಗಳನ್ನು ಕನ್ನಡದಲ್ಲೇ ಸ್ಪಷ್ಟವಾಗಿ ಬರೆದುಕೊಳ್ಳಿ. ಸದಸ್ಯರಾಗಲು ಪದವಿ ಬೇಕೇ? ಬೇಡ ಅಂತ ಬರೆಯಿರಿ. ಪದಾಧಿಕಾರಿಯ ಅವಧಿ ಎಷ್ಟು, ಒಬ್ಬರೇ ಎಷ್ಟು ಸಲ ಮುಂದುವರಿಯಬಹುದು? ನಮ್ಮಲ್ಲಿ ಮೂರು ವರ್ಷದ ಒಂದು ಅವಧಿ, ಅದೇ ಹುದ್ದೆಯಲ್ಲಿ ಹೆಚ್ಚೆಂದರೆ ಎರಡು ಅವಧಿ. ಸಭೆ ನಡೆಯಲು ಎಷ್ಟು ಜನ ಇರಬೇಕು? ಸಂಘದ ಚಟುವಟಿಕೆಯಲ್ಲಿ ಮಾಡಿದ ಚಿತ್ರ ಯಾರದು? ಸಂಘ ಮುಚ್ಚಿದರೆ ಆಸ್ತಿ ಯಾರಿಗೆ ಹೋಗಬೇಕು? ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರು ಎಷ್ಟು? ಮೊದಲ ಸಮಿತಿಯಲ್ಲಿ ನಾವೆಲ್ಲ ಗಂಡಸರೇ ಇದ್ದೆವು. ಆ ಎರಡು ವರ್ಷ ನಮ್ಮ ಕಾರ್ಯಕ್ರಮಗಳೆಲ್ಲ ಸಂಜೆ ಆರರ ಮೇಲೇ ನಡೆದವು. ಹೆಂಗಸರು ಯಾಕೆ ಬರುತ್ತಿಲ್ಲ ಅನ್ನುವುದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಸಮಿತಿಗೆ ಬಂದ ಮೊದಲ ಸದಸ್ಯೆ ಹೇಳಿದ ಮೇಲೆ ಹೊತ್ತು ಬದಲಾಯಿತು, ಜನವೂ ಬಂದರು.

ಎರಡು ಪುಸ್ತಕಗಳನ್ನು ಅವತ್ತೇ ತನ್ನಿ, ಒಂದು ನಡಾವಳಿಗೆ, ಇನ್ನೊಂದು ಸದಸ್ಯತ್ವಕ್ಕೆ. ಬಿಡಿ ಹಾಳೆ ಬೇಡ, ಪುಟಸಂಖ್ಯೆ ಇರುವ ದಪ್ಪ ರಟ್ಟಿನ ಪುಸ್ತಕ. ಪ್ರತಿ ಸಭೆಯ ಠರಾವನ್ನು ಅದೇ ಸಭೆಯಲ್ಲಿ ಬರೆದು, ಓದಿ, ಸಹಿ ಹಾಕಿಸಿ.

ದುಡ್ಡು

ಮೊದಲ ವರ್ಷ ನಮ್ಮಲ್ಲಿ ದುಡ್ಡಿನ ಲೆಕ್ಕ ಒಬ್ಬರ ಅಂಗಿಯ ಜೇಬಿನಲ್ಲಿತ್ತು. ಪ್ರಾಮಾಣಿಕ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳ ಶಿಬಿರ ಮುಗಿದಾಗ 1,840 ರೂಪಾಯಿಗೆ ಚೀಟಿ ಸಿಗಲಿಲ್ಲ. ಯಾರೋ ಒಂದು ಮಾತಂದರು, ಅವರು ಮುನಿಸಿಕೊಂಡು ಹೋದರು. ಒಳ್ಳೆಯ ಚಿತ್ರಕಾರರೊಬ್ಬರು ಎರಡು ವರ್ಷ ನಮ್ಮ ಕಡೆ ತಿರುಗಿ ನೋಡಲಿಲ್ಲ. ತಪ್ಪು ಅವರದಲ್ಲ, ರಸೀದಿ ಪುಸ್ತಕ ಮಾಡಿಸದ ನಮ್ಮದು.

ಸಂಘದ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಈ ಮೂವರಲ್ಲಿ ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವಂತಿರಬಾರದು. ಕ್ಯೂಆರ್ ಕೋಡ್ ಹಾಕುವುದಾದರೆ ಸಂಘದ ಖಾತೆಯದೇ ಆಗಿರಲಿ. "ಸದ್ಯಕ್ಕೆ ನನ್ನ ಫೋನ್‌ಪೇಗೆ ಹಾಕಿ" ಅನ್ನುವ ಮಾತು ಒಂದು ಸಲವೂ ಬರಬಾರದು. ಹತ್ತು ರೂಪಾಯಿ ಬಂದರೂ ರಸೀದಿ, ಹತ್ತು ರೂಪಾಯಿ ಹೋದರೂ ಚೀಟಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕವನ್ನು ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಿ. ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಸಿಗಬೇಕೆಂದರೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಬೇಕಾಗುತ್ತದೆ. ಅದನ್ನು ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ಯೋಚಿಸಿದರೆ ಸಾಕು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ, ಕರ್ನಾಟಕ ಲಲಿತಕಲಾ ಅಕಾಡೆಮಿಯೂ ಶಿಬಿರ, ಪ್ರದರ್ಶನಗಳಿಗೆ ಒತ್ತಾಸೆಯಾಗುತ್ತದೆ. ಪ್ರಕಟಣೆ ಬಂದಾಗ ಅದರ ನಿಯಮಗಳನ್ನು ಸಾಲು ಸಾಲಾಗಿ ಓದಿ ಅರ್ಜಿ ಹಾಕಿ. ತಪಾಸಣೆಯಾದ ಲೆಕ್ಕ, ಚಟುವಟಿಕೆಗಳ ವರದಿ, ತಾರೀಕು ಇರುವ ಫೋಟೋ, ಪತ್ರಿಕೆಯ ತುಣುಕು, ಇವನ್ನು ಒಂದು ಫೈಲಿನಲ್ಲಿ ಮೊದಲ ದಿನದಿಂದ ಸೇರಿಸುತ್ತ ಬಂದಿದ್ದರೆ ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ. ಆದರೆ ಅನುದಾನ ಬಂದರೆ ಮಾತ್ರ ಮಾಡೋಣ ಅಂತ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ತಿಂಗಳ ಭಾನುವಾರಕ್ಕೆ ಸರ್ಕಾರದ ದುಡ್ಡು ಬೇಕಿಲ್ಲ.

ಊರಿನ ಕಡೆಗೆ ಮೊದಲ ಹೆಜ್ಜೆ: ಮಣ್ಣಿನ ಗಣಪ

ಸಾರ್ವಜನಿಕರನ್ನು ಸೇರಿಸಿಕೊಳ್ಳುವ ಮೊದಲ ಕಾರ್ಯಕ್ರಮ ಯಾವುದು ಅಂತ ಕೇಳಿದರೆ, ಚೌತಿಗೆ ಹತ್ತು ದಿನ ಮುಂಚೆ ಮಣ್ಣಿನ ಗಣಪತಿ ಮಾಡುವ ಶಿಬಿರ ಅನ್ನುತ್ತೇನೆ. ಖರ್ಚು ಕಡಿಮೆ, ಮನೆಮಂದಿಯೆಲ್ಲ ಬರುತ್ತಾರೆ, ಮಾಡಿದ್ದು ಪೂಜೆಗೆ ಕೂರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿಗೆ ರಾಜ್ಯದಲ್ಲಿ ನಿಷೇಧವಿರುವುದರಿಂದ ಶಾಲೆಗಳೂ ನಗರಸಭೆಯವರೂ ಸಂತೋಷದಿಂದ ಕೈಜೋಡಿಸುತ್ತಾರೆ.

ಮಣ್ಣಿನ ತಯಾರಿ ಒಂದು ವಾರದ ಕೆಲಸ. ಕೆರೆಯದೋ ಗದ್ದೆಯದೋ ಜೇಡಿಮಣ್ಣು ತಂದು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ಮೂರು ನಾಲ್ಕು ದಿನ ನೆನೆಹಾಕಿ. ತಿಳಿನೀರು ಬಸಿದು ಗೋಣಿತಾಟಿನ ಮೇಲೆ ಹರಡಿ, ಅಂಟು ಹದಕ್ಕೆ ಬಂದಾಗ ಚೆನ್ನಾಗಿ ನಾದಬೇಕು. ಹದ ನೋಡುವುದು ಸುಲಭ: ಬೆರಳಿನಷ್ಟು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಸರಿ. ಬಿರಿದರೆ ನೀರು ಸಾಲದು, ಕೈಗೆ ಮೆತ್ತಿದರೆ ಇನ್ನೊಂದು ದಿನ ಆರಬೇಕು. ಒಬ್ಬೊಬ್ಬ ಮಗುವಿಗೆ ಒಂದು ಕಿಲೋ ಲೆಕ್ಕ ಹಾಕಿ ಒದ್ದೆ ಬಟ್ಟೆಯಲ್ಲಿ ಉಂಡೆ ಸುತ್ತಿಡಿ.

ಮಕ್ಕಳು ತಪ್ಪುವುದು ಒಂದೇ ಕಡೆ. ತಲೆ, ಕೈ, ಸೊಂಡಿಲನ್ನು ಬೇರೆ ಬೇರೆ ಮಾಡಿ ಸುಮ್ಮನೆ ಅಂಟಿಸುತ್ತಾರೆ, ಒಣಗಿದ ಮೇಲೆ ಕಳಚಿ ಬೀಳುತ್ತದೆ. ಕೂಡಿಸುವ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಮಣ್ಣಿನ ಗಂಜಿ ಸವರಿ, ಒತ್ತಿ, ಮೇಲಿನಿಂದ ಬೆರಳಾಡಿಸಬೇಕು. ಒಣಗುವುದು ನೆರಳಿನಲ್ಲಿ. ಬಿಸಿಲಿಗಿಟ್ಟರೆ ಹೊಟ್ಟೆ ಸೀಳುತ್ತದೆ. ಸಂಘದಲ್ಲಿ ಗಣಪತಿ ಮಾಡುವ ಕುಲಕಸುಬಿನವರು ಇದ್ದರೆ ಅವರೇ ಗುರುಗಳಾಗಲಿ, ಅವರ ಹೊಟ್ಟೆಪಾಡಿಗೆ ಕುತ್ತಾಗದ ಹಾಗೆ ಗೌರವಧನ ಕೊಡಿ. ನಮ್ಮ ಶಿಬಿರದಿಂದ ಅವರ ಗಣಪತಿಗಳಿಗೆ ಬೇಡಿಕೆ ಕಮ್ಮಿಯಾದೀತು ಅನ್ನುವ ಅಳುಕು ನನಗಿತ್ತು. ಹಾಗಾಗಲಿಲ್ಲ. ಒಂದು ಸಲ ಕೈಯಲ್ಲಿ ಮಣ್ಣು ಹಿಡಿದವರಿಗೆ ಆ ಕೆಲಸದ ಬೆಲೆ ಗೊತ್ತಾಗುತ್ತದೆ. ಮರುವರ್ಷ ಚೌಕಾಸಿ ಮಾಡದೆ ಕೊಂಡವರನ್ನು ನಾನೇ ನೋಡಿದ್ದೇನೆ.

ಚಿತ್ತಾರದ ಅಮ್ಮಂದಿರು ಗುರುಗಳಾಗಿ

ಪ್ರತಿ ಸೀಮೆಗೂ ತನ್ನದೇ ಒಂದು ಮನೆಗೋಡೆಯ ಕಲೆ ಇರುತ್ತದೆ. ನಮ್ಮಲ್ಲಿ ಅದು ದೀವರ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಸುಟ್ಟಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿನಾರು. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ.

ಇಂಥ ಶಿಬಿರ ಮಾಡುವಾಗ ಹಳ್ಳಿಗೆ ನೀವು ಹೋಗಿ, ಅವರನ್ನು ಪೇಟೆಗೆ ಎಳೆದು ತರಬೇಡಿ. ನಾವು ಹೋದ ಮನೆಯ ಹಿರಿಯರೊಬ್ಬರು ಎಪ್ಪತ್ತರ ಮೇಲಿನವರು. ನಾರಿನ ತುದಿ ಜಜ್ಜಿ, ಬಿಳಿ ಅದ್ದಿ, ಗೋಡೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಗೆರೆ ಎಳೆದರು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಗೆರೆಗೂ ಗೆರೆಗೂ ನಡುವಿನ ಜಾಗ ಮೊದಲಿಂದ ಕೊನೆಯವರೆಗೆ ಒಂದೇ ಸಮ. "ಅಮ್ಮಾ, ಗುರುತು ಹಾಕಿಕೊಳ್ಳಲ್ವಾ?" ಅಂದೆ. "ಗುರುತು ಕಣ್ಣಲ್ಲಿ ಇರ್ತದಲ್ಲ ಮಾಸ್ತರೇ" ಅಂದರು. ನಮ್ಮ ಹುಡುಗರು ಸ್ಕೇಲು ಚೀಲಕ್ಕೆ ಹಾಕಿದರು.

ಅವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ರೂಢಿ ಇದೆ. ಶಾಲು ಇರಲಿ, ಅದಕ್ಕೂ ಮೊದಲು ಗೌರವಧನ. ಪಟ್ಟಣದಿಂದ ಬರುವ ಸಂಪನ್ಮೂಲ ವ್ಯಕ್ತಿಗೆ ಎಷ್ಟು ಕೊಡುತ್ತೀರೋ ಅಷ್ಟೇ, ಒಂದು ರೂಪಾಯಿಯೂ ಕಮ್ಮಿ ಇಲ್ಲದೆ. ಫೋಟೋ ತೆಗೆಯುವ ಮುನ್ನ ಕೇಳಿ. ಆ ವಿನ್ಯಾಸವನ್ನು ಕ್ಯಾಲೆಂಡರಿಗೋ ಚೀಲಕ್ಕೋ ಹಾಕುವ ಯೋಚನೆ ಇದ್ದರೆ ಅವರ ಒಪ್ಪಿಗೆ, ಅವರ ಹೆಸರು, ಅವರ ಪಾಲು ಮೂರನ್ನೂ ಕಾಗದದ ಮೇಲೆ ಬರೆದುಕೊಡಿ.

ಮಕ್ಕಳಿಗೆ ಸ್ಪರ್ಧೆಗಿಂತ ತರಗತಿ

ಚಿತ್ರಕಲಾ ಸ್ಪರ್ಧೆ ಏರ್ಪಡಿಸುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಮುನ್ನೂರು ಮಕ್ಕಳು ಬಂದರೆ ಒಂಬತ್ತು ಜನ ನಗುತ್ತ ಹೋಗುತ್ತಾರೆ. ನಾಲ್ಕನೇ ತರಗತಿಯೊಳಗಿನ ಮಕ್ಕಳಿಗೆ ಮೊದಲ, ಎರಡನೆಯ, ಮೂರನೆಯ ಬಹುಮಾನ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದೇ ದುಡ್ಡಿನಲ್ಲಿ ಕ್ರೆಯಾನ್ ಡಬ್ಬಿ, ಕಾಗದ ಕೊಂಡು ಡ್ರಾಯಿಂಗ್ ಮಾಸ್ತರಿಲ್ಲದ ಸರ್ಕಾರಿ ಶಾಲೆಯೊಂದನ್ನು ಆರಿಸಿಕೊಂಡು ಹದಿನೈದು ದಿನಕ್ಕೊಂದು ಶನಿವಾರ ಹೋಗಿ. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕಟ್ಟುವ ಹಳ್ಳಿ ಮಕ್ಕಳಿಗೆ ಎರಡು ತಿಂಗಳು ಉಚಿತ ತರಬೇತಿ ಕೊಟ್ಟರೆ ಅದರಷ್ಟು ಉಪಯೋಗದ ಕೆಲಸ ಇನ್ನೊಂದಿಲ್ಲ.

ಪ್ರದರ್ಶನ

ಎರಡನೇ ವರ್ಷದ ಹೊತ್ತಿಗೆ ಪ್ರದರ್ಶನಕ್ಕೆ ಕೈ ಹಾಕಬಹುದು. ನಮ್ಮ ಮೊದಲ ಪ್ರದರ್ಶನವನ್ನು ಆಷಾಢದಲ್ಲಿ ಇಟ್ಟುಕೊಂಡೆವು, ಸಭಾಭವನದ ಬಾಡಿಗೆ ಕಡಿಮೆ ಇರುತ್ತದೆ ಅಂತ. ಮಲೆನಾಡಿನ ಮಳೆ. ಗೋಡೆಗೆ ತಾಗಿಸಿ ತೂಗು ಹಾಕಿದ ಜಲವರ್ಣಗಳು ಮೂರೇ ದಿನಕ್ಕೆ ಉಬ್ಬಿದವು, ಗಾಜಿಗೆ ಅಂಟಿಕೊಂಡಿದ್ದ ಎರಡು ಚಿತ್ರಗಳಲ್ಲಿ ಬೂಷ್ಟು ಕಂಡಿತು. ಒಂದು, ನನ್ನ ವಿದ್ಯಾರ್ಥಿನಿಯದು. ಎಷ್ಟು ನಾಜೂಕಾಗಿ ಎಬ್ಬಿಸಿದರೂ ಗಾಜಿನಿಂದ ಅದು ಸರಿಯಾಗಿ ಏಳಲಿಲ್ಲ. ಆ ಹುಡುಗಿಯ ಮುಖ ಈಗಲೂ ಕಣ್ಣ ಮುಂದಿದೆ.

ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಆರಿಸಿಕೊಳ್ಳಿ. ಊರಿನಲ್ಲಿ ಜಾತ್ರೆ ಇದ್ದರೆ ಅದಕ್ಕೇ ಹೊಂದಿಸಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ. ಆ ಜನಸಾಗರದಲ್ಲಿ ಒಂದು ಚಪ್ಪರ ಹಾಕಿದರೆ ಜನ್ಮದಲ್ಲಿ ಚಿತ್ರಪ್ರದರ್ಶನ ನೋಡದವರು ಬಂದು ನೋಡುತ್ತಾರೆ.

ಮೂರು ತಿಂಗಳು ಮುಂಚೆ ಜಾಗ ಗೊತ್ತು ಮಾಡಿ, ಸದಸ್ಯರಿಗೆ ಅಳತೆ ಮತ್ತು ಸಂಖ್ಯೆಯ ಮಿತಿ ತಿಳಿಸಿ. ಒಬ್ಬರಿಗೆ ಮೂರು ಚಿತ್ರ ಸಾಕು. ಒಂದು ತಿಂಗಳು ಮುಂಚೆ ಫ್ರೇಮು. ಜಲವರ್ಣಕ್ಕೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಹಾಕುವ ದಪ್ಪ ರಟ್ಟು ಕಡ್ಡಾಯ, ಕಾಗದಕ್ಕೂ ಗಾಜಿಗೂ ನಡುವೆ ಸಂದು ಉಳಿಯಬೇಕು. ಹಿಂಬದಿಯಲ್ಲಿ ಹೆಸರು, ಫೋನ್ ನಂಬರು, ಶೀರ್ಷಿಕೆ ಬರೆದ ಚೀಟಿ ಅಂಟಿಸಿ. ಹಿಂದಿನ ದಿನ ತೂಗು ಹಾಕುವ ಕೆಲಸ. ಬಾಡಿಗೆ ಜಾಗದ ಗೋಡೆಗೆ ಮೊಳೆ ಹೊಡೆಯಬೇಡಿ. ಬಿದಿರಿನ ಗಳ ಕಟ್ಟಿ ನೈಲಾನ್ ದಾರದಲ್ಲಿ ಇಳಿಬಿಡಬಹುದು, ಗೋಡೆಯಿಂದ ಒಂದು ಗೇಣು ದೂರವೂ ಉಳಿಯುತ್ತದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರಕ್ಕೆ ಬರಲಿ. ದೊಡ್ಡದು, ಚಿಕ್ಕದು ಎಲ್ಲದರ ನಡುಭಾಗವೂ ಒಂದೇ ಮಟ್ಟದಲ್ಲಿ. ತುತ್ತತುದಿಗೆ ತೂಗುಹಾಕಿ ಜನ ಕತ್ತು ಎತ್ತಿ ನೋಡುವ ಹಾಗೆ ಮಾಡುವುದು ನಮ್ಮ ಕಡೆಯ ಸಾಮಾನ್ಯ ತಪ್ಪು. ಶಾಲಾಮಕ್ಕಳ ಚಿತ್ರಗಳಿಗೆ ಬೇರೆ ಸಾಲು, ಮೂರೂವರೆ ಅಡಿ ಎತ್ತರದಲ್ಲಿ.

ಬೆಲೆ ಬರೆಯಲು ನಾಚಿಕೆ ಬೇಡ. ಸಾಮಗ್ರಿ, ಫ್ರೇಮು, ದುಡಿದ ದಿನಗಳು, ಇಷ್ಟನ್ನು ಕೂಡಿಸಿ ಒಂದು ಮೊತ್ತ ಬರೆದು ಅದಕ್ಕೇ ನಿಲ್ಲಿ. ಹಣ ಸಂಘದ ಖಾತೆಗೆ ಬಂದು, ಶೇಕಡಾ ಹತ್ತು ಸಂಘಕ್ಕೆ ಉಳಿದು, ಬಾಕಿ ವಾರದೊಳಗೆ ಕಲಾವಿದರಿಗೆ ಸೇರಬೇಕು. ಚಿತ್ರ ಮಾರಿದ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದು ಬರವಣಿಗೆಯಲ್ಲಿ ಬರೆದುಕೊಡದ ಹೊರತು ಕಲಾವಿದರದೇ. ಆದರೆ ಯಾರಾದರೂ ದುಡ್ಡು ಕೊಟ್ಟು ಹೇಳಿ ಮಾಡಿಸಿದ ಭಾವಚಿತ್ರದಂಥ ಕೆಲಸಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ಮಾಡಿಸಿದವರದಾಗುತ್ತದೆ. ಇದನ್ನು ಸದಸ್ಯರಿಗೆಲ್ಲ ತಿಳಿಸಿ ಹೇಳಿ, ಒಂದು ಪುಟದ ಒಪ್ಪಂದದ ನಮೂನೆ ಮಾಡಿಟ್ಟುಕೊಳ್ಳಿ.

ಊರಿನ ಪ್ರದರ್ಶನದಲ್ಲಿ ಅನುಭವ ಪಡೆದವರನ್ನು ಜನವರಿಯ ಚಿತ್ರಸಂತೆಗೆ ಕಳಿಸಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಸಂತೆ ಅದು. ಅರ್ಜಿ ಮೊದಲೇ ಹಾಕಬೇಕು. ಮೂರು ನಾಲ್ಕು ಜನ ಒಟ್ಟಿಗೆ ಹೋದರೆ ಸಾಗಾಟದ ಖರ್ಚು ಹಂಚಿಹೋಗುತ್ತದೆ, ಊಟಕ್ಕೆ ಎದ್ದಾಗ ಮಳಿಗೆ ನೋಡಿಕೊಳ್ಳಲು ಜನ ಇರುತ್ತಾರೆ.

ಗೋಡೆಚಿತ್ರ

ಶಾಲೆಯ ಗೋಡೆಯಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ, ಸಾರ್ವಜನಿಕ ಗೋಡೆಯಾದರೆ ನಗರಸಭೆ ಅಥವಾ ಪಂಚಾಯ್ತಿಯ ಒಪ್ಪಿಗೆ ಬರಹದಲ್ಲಿ ಬೇಕು. ಬುಡದಲ್ಲಿ ತೇವ ಏರುವ ಗೋಡೆ ಎಷ್ಟೇ ಚೆನ್ನಾಗಿ ಕಂಡರೂ ಬೇಡ, ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಹಳೆಯ ಸುಣ್ಣ ಪೂರ್ತಿ ಕೆರೆದು, ತೊಳೆದು, ಒಣಗಿಸಿ, ಬಿರುಕಿಗೆ ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಆಮೇಲೆ ಹೊರಗೋಡೆಯ ಎಮಲ್ಷನ್. ಎರಡು ಸಲ ಬಳಿಯಲು ಲೀಟರಿಗೆ ಸುಮಾರು 50ರಿಂದ 60 ಚದರಡಿ ಲೆಕ್ಕ ಹಾಕಿಕೊಂಡರೆ ಬಣ್ಣ ಸಾಲದೆ ಬರುವುದಿಲ್ಲ. ಚಿಕ್ಕ ಚಿತ್ರಕ್ಕೆ ಚೌಕ ಹಾಕಿ, ಗೋಡೆಗೆ ನೀಲಿ ಅದ್ದಿದ ದಾರ ಚಿಮ್ಮಿಸಿ ಅಷ್ಟೇ ಚೌಕ ಹಾಕಿ, ಚೌಕ ಚೌಕವಾಗಿ ಬಿಡಿಸುತ್ತ ಹೋಗಿ. ಚೌಕದ ಒಳಗೆ ಬಣ್ಣ ತುಂಬುವುದನ್ನು ಮಕ್ಕಳಿಗೂ ಅಕ್ಕಪಕ್ಕದವರಿಗೂ ಬಿಡಿ. ತಾವು ಬಣ್ಣ ಹಚ್ಚಿದ ಗೋಡೆಗೆ ಯಾರೂ ಪೋಸ್ಟರ್ ಅಂಟಿಸುವುದಿಲ್ಲ, ಅಂಟಿಸಲು ಬಂದವರನ್ನು ಬಿಡುವುದೂ ಇಲ್ಲ.

ಕಷ್ಟಕ್ಕೆ ನಿಲ್ಲುವುದು

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿಗೆ ಎಷ್ಟೋ ವರ್ಷಗಳ ಕಲಾಸೇವೆಯ ಪುರಾವೆ ಬೇಕು. ಬೋರ್ಡು ಬರೆದವರ ಬಳಿ, ಗಣಪತಿ ಮಾಡಿದವರ ಬಳಿ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಸಂಘ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರ ಹಳೆಯ ಕೆಲಸಗಳ ಫೋಟೋ ತೆಗೆದು, ಯಾವ ಊರಿನಲ್ಲಿ ಏನು ಮಾಡಿದ್ದಾರೆ ಅಂತ ಪಟ್ಟಿ ಬರೆದು, ಸಂಘದ ಕಾರ್ಯಕ್ರಮಗಳ ಪ್ರಮಾಣಪತ್ರ ಜೋಡಿಸಿ ಫೈಲು ಮಾಡಿಕೊಡಿ. ಗುಡಿಗಾರರಂಥ ಕರಕುಶಲಿಗಳಿಗೆ ಕೇಂದ್ರ ಸರ್ಕಾರದ ಪೆಹಚಾನ್ ಗುರುತಿನ ಚೀಟಿ ಇದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳು, ಕುಂಬಾರರು, ಗೊಂಬೆ ಮಾಡುವವರು ಸೇರಿದ್ದಾರೆ. ಸಂಘದಲ್ಲಿ ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರಿಗೆ ಇದನ್ನೇ ಜವಾಬ್ದಾರಿಯಾಗಿ ವಹಿಸಿ. ಅಂದು ಬಾಗಿಲಲ್ಲೇ ನಿಂತಿದ್ದ ಆ ಬೋರ್ಡು ಬರೆಯುವವರ ಫೈಲು ತಯಾರಿಸಲು ನಮ್ಮ ಹುಡುಗರು ನಾಲ್ಕು ಭಾನುವಾರ ಊರೂರು ತಿರುಗಿ, ಅಳಿಸಿಹೋಗುತ್ತಿರುವ ಅಂಗಡಿ ಬೋರ್ಡುಗಳ ಫೋಟೋ ತೆಗೆದರು. ಮೂವತ್ತೇಳು ಸಿಕ್ಕವು.

ವರ್ಷದ ಕೊನೆಗೆ

ವಾರ್ಷಿಕ ಮಹಾಸಭೆ ಕರೆದು ವರದಿ, ಲೆಕ್ಕ ಓದಿ. ಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ತಪಾಸಣೆಯಾದ ಲೆಕ್ಕವನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನು ನಾಲ್ಕೈದು ವರ್ಷ ಮರೆತು, ಅನುದಾನಕ್ಕೆ ಅರ್ಜಿ ಹಾಕುವಾಗ ದಂಡ ಕಟ್ಟಿ ಒದ್ದಾಡುವ ಸಂಘಗಳು ಬಹಳ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ.

ಅವಧಿ ಮುಗಿದಾಗ ಕಾರ್ಯದರ್ಶಿ ಹೊಸಬರಿಗೆ ಒಪ್ಪಿಸಬೇಕಾದದ್ದನ್ನೂ ಪಟ್ಟಿ ಮಾಡಿ: ನಡಾವಳಿ, ಸದಸ್ಯತ್ವ ಪುಸ್ತಕ, ರಸೀದಿಗಳು, ನೋಂದಣಿ ಪತ್ರ, ಪಾಸ್‌ಬುಕ್, ಸೀಲು, ಮಿಂಚಂಚೆಯ ಪಾಸ್‌ವರ್ಡ್, ಫೋಟೋಗಳಿರುವ ಪೆನ್‌ಡ್ರೈವ್. ನಮ್ಮಲ್ಲಿ ಇವೆಲ್ಲ ಒಂದು ಹಸಿರು ತಗಡಿನ ಟ್ರಂಕಿನಲ್ಲಿದ್ದವು. ನಾನು ಅದನ್ನು ಒಪ್ಪಿಸಿದ್ದು ಗಾಜಿಗೆ ಅಂಟಿದ ಚಿತ್ರದ ಆ ಹುಡುಗಿಗೇ. ಈಗ ಆಕೆಯೂ ಡ್ರಾಯಿಂಗ್ ಟೀಚರು. ಪಟ್ಟಿಯ ಪ್ರಕಾರ ಒಂದೊಂದೇ ತೆಗೆದು ನೋಡಿ, ಸಹಿ ಹಾಕಿ, "ಸರ್, ಮುಂದಿನ ಭಾನುವಾರ ಇಕ್ಕೇರಿ, ಏಳು ಗಂಟೆಗೆ" ಅಂದಳು.